ಸೆಪ್ಟಿಕ್ ಟ್ಯಾಂಕಿನ ಕೆಲಸ ಪತ್ತನಾಜೆಗೆ ಮುನ್ನ ಮುಗಿಯಲಿ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಕರಾವಳಿ ಮುಟ್ಟುವ ಮುನ್ನ ಹಂಚು ಕೈಯಾಡಿಸುವುದು, ತೋಡಿನ ಹೂಳೆತ್ತುವುದು, ಕಟ್ಟಿಗೆ ಒಳಗೆ ಸೇರಿಸುವುದು ನಮ್ಮ ಊರುಗಳಲ್ಲಿ ಯಾರೂ ಹೇಳದೆ ನಡೆಯುವ ಕೆಲಸಗಳು. ಪತ್ತನಾಜೆಯ, ಅಂದರೆ ಮೇ 24ರ ಸುಮಾರಿಗೆ ಬರುವ ತುಳುವರ ಬೇಶ ತಿಂಗಳ ಹತ್ತನೆಯ ದಿನದ, ಹೊತ್ತಿಗೆ ಎಲ್ಲ ಮುಗಿದಿರಬೇಕು ಎಂಬ ಲೆಕ್ಕವೂ ಇದೆ. ಆ ಪಟ್ಟಿಯಲ್ಲಿ ಸೆಪ್ಟಿಕ್ ಟ್ಯಾಂಕ್ ಮಾತ್ರ ಇಲ್ಲ. ಅದರ ನೆನಪಾಗುವುದು ಆರಿದ್ರಾ ಮಳೆಯೋ ಪುನರ್ವಸು ಮಳೆಯೋ ಹಿಡಿದು, ಕಕ್ಕಸಿಗೆ ಹಾಕಿದ ನೀರು ಇಳಿಯದೆ ಗುಳುಗುಳು ಎಂದು ನಿಂತ ದಿನ. ಸಕ್ಕಿಂಗ್ ಗಾಡಿಗೆ ಫೋನ್ ಹೋಗುತ್ತದೆ, ಗಾಡಿ ಬಂದು ಎಳೆದುಕೊಂಡು ಹೋಗುತ್ತದೆ, ನಾಲ್ಕು ದಿನಕ್ಕೆ ಮತ್ತೆ ಅದೇ ಗುಳುಗುಳು. ಗಾಡಿಯವರು ಸರಿಯಾಗಿ ಖಾಲಿ ಮಾಡಲಿಲ್ಲ ಎಂದು ಬೈಗುಳ ಬೇರೆ.

ಅವರು ಸರಿಯಾಗಿಯೇ ಖಾಲಿ ಮಾಡಿರುತ್ತಾರೆ. ಜುಲೈಯಲ್ಲಿ ಗುಂಡಿಯೊಳಗೆ ತುಂಬಿರುವುದರಲ್ಲಿ ಮನೆಯ ಕೊಳೆನೀರಿನ ಪಾಲು ಕಡಿಮೆ, ಸುತ್ತಲಿನ ನೆಲದಿಂದ ಒಸರಿ ಬಂದ ನೀರೇ ಹೆಚ್ಚು. ಎಷ್ಟು ಗಾಡಿ ಎಳೆಸಿದರೂ ಅದು ಅಕ್ಕಪಕ್ಕದ ಬಾವಿಯ ನೀರಿನ ಮಟ್ಟಕ್ಕೇ ಮತ್ತೆ ಬಂದು ನಿಲ್ಲುತ್ತದೆ. ಹಾಗಾಗಿ ಜಡಿಮಳೆಯ ನಡುವೆ ಗುಂಡಿ ಖಾಲಿ ಮಾಡಿಸುವುದು ಹಣ ದಂಡ. ಕೆಲವು ಸಲ ಅಪಾಯವೂ ಹೌದು. ಈ ಕೆಲಸಕ್ಕೆ ಸರಿಯಾದ ಕಾಲ ಏಪ್ರಿಲ್ ಮತ್ತು ಮೇ ತಿಂಗಳ ಮೊದಲ ಮೂರು ವಾರ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನವೇ ಟ್ಯಾಂಕು ನೋಡಿ, ಪೈಪು ಹೆಪ್ಪುಗಟ್ಟದಂತೆ ಅದರ ಮೇಲೆ ಒಣಹುಲ್ಲು ಹೊದಿಸುತ್ತಾರೆ. ನಮ್ಮಲ್ಲಿ ಅಷ್ಟೇ ಶ್ರದ್ಧೆಯ ತಯಾರಿ ಮಳೆಗೆ ಬೇಕು.

ಮೊದಲು ಅಂಗಳದಡಿ ಇರುವುದು ಏನೆಂದು ತಿಳಿದುಕೊಳ್ಳಬೇಕು. ಸರಿಯಾದ ವ್ಯವಸ್ಥೆಯಲ್ಲಿ ಎರಡು ಭಾಗ: ತಳ, ಗೋಡೆ ಎರಡೂ ಸಿಮೆಂಟ್ ಗಾರೆಯಾಗಿ ನೀರು ಸೋರದಂತಿರುವ ಟ್ಯಾಂಕು, ಅದರಿಂದ ಹೊರಬಂದ ತಿಳಿಯನ್ನು ನೆಲಕ್ಕೆ ಬಿಡುವ ಇಂಗುಗುಂಡಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಹಳಷ್ಟು ಕಡೆ ಇರುವುದು ಒಂದೇ ಗುಂಡಿ. ಕೆಂಪುಕಲ್ಲನ್ನು ಗಾರೆಯಿಲ್ಲದೆ ಜೋಡಿಸಿ ಅಥವಾ ಸಿಮೆಂಟ್ ರಿಂಗ್ ಇಳಿಸಿ, ತಳಕ್ಕೆ ಏನೂ ಹಾಕದೆ, ಮೇಲೆ ಚಪ್ಪಡಿ ಮುಚ್ಚಿದ್ದು. ಯಾವುದೆಂದು ಪತ್ತೆ ಮಾಡುವುದು ಸುಲಭ. ಮುಚ್ಚಳದ ಅಂಚಿನಿಂದ ಒಳಗಿನ ನೀರಿನವರೆಗೆ ಎಷ್ಟು ಇಂಚು ಎಂದು ಏಪ್ರಿಲಿನಲ್ಲೊಮ್ಮೆ, ಜುಲೈಯಲ್ಲೊಮ್ಮೆ ಅಳೆಯಿರಿ. ಟ್ಯಾಂಕಾಗಿದ್ದರೆ ಬೇಸಿಗೆಯಲ್ಲೂ ನೀರು ಹೊರಹೋಗುವ ಪೈಪಿನ ತಳಮಟ್ಟದಲ್ಲೇ ನಿಂತಿರುತ್ತದೆ. ಬೇಸಿಗೆಯಲ್ಲಿ ಐದಾರು ಅಡಿ ಕೆಳಗಿದ್ದು ಮಳೆಗಾಲದಲ್ಲಿ ಬಾವಿಯ ಜೊತೆಗೇ ಮೇಲೆ ಬಂದರೆ ಅದು ತಳವಿಲ್ಲದ ಗುಂಡಿ. ಟ್ಯಾಂಕೆಂದು ಕಟ್ಟಿಸಿದ್ದರಲ್ಲಿ ಬೇಸಿಗೆಯ ನೀರು ಪೈಪಿನ ಮಟ್ಟಕ್ಕಿಂತ ತೀರ ಕೆಳಗಿದ್ದರೆ ತಳವೋ ಗೋಡೆಯೋ ಬಿರುಕು ಬಿಟ್ಟಿದೆ ಎಂದರ್ಥ. ಬೇಸಿಗೆಯಲ್ಲಿ ಕೊಳೆ ಹೊರಗೆ ಸೋರುವ ದಾರಿಯಲ್ಲೇ ಮಳೆಗಾಲದಲ್ಲಿ ನೆಲದ ನೀರು ಒಳಗೆ ಬರುತ್ತದೆ.

ಎರಡನೆಯದು ಹೂಳಿನ ಅಳತೆ. "ಹತ್ತು ವರ್ಷದಿಂದ ಖಾಲಿ ಮಾಡಿಸಿಲ್ಲ, ಏನೂ ತೊಂದರೆ ಇಲ್ಲ" ಎನ್ನುವುದನ್ನು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ತೊಂದರೆ ಟ್ಯಾಂಕಿನಲ್ಲಿ ಕಾಣಿಸುವುದಿಲ್ಲ. ಹೂಳು ಒಂದು ಮಟ್ಟ ದಾಟಿದ ಮೇಲೆ ನೀರಿನ ಜೊತೆ ಇಂಗುಗುಂಡಿಗೆ ಹೋಗುತ್ತದೆ, ಅಲ್ಲಿ ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ, ಇಂಗುಗುಂಡಿ ಕೆಟ್ಟ ಮೇಲೆ ಟ್ಯಾಂಕು ಖಾಲಿ ಮಾಡಿಸಿ ಪ್ರಯೋಜನವಿಲ್ಲ. ಅಳೆಯಲು ಟ್ಯಾಂಕಿನ ತಳ ಮುಟ್ಟುವಷ್ಟು ಉದ್ದದ ಬಿದಿರೋ ಪಿವಿಸಿ ಪೈಪೋ ಸಾಕು. ಕೆಳತುದಿಯ ಮೂರಡಿಗೆ ಹಳೆಯ ಬಿಳಿ ಬೈರಾಸು ಬಿಗಿಯಾಗಿ ಸುತ್ತಿ ಕಟ್ಟಿ, ನೀರು ಹೊರಹೋಗುವ ಬದಿಯ ಮುಚ್ಚಳದಿಂದ ನಿಧಾನಕ್ಕೆ ತಳದವರೆಗೆ ಇಳಿಸಿ, ಐದು ನಿಮಿಷ ಅಲುಗಾಡಿಸದೆ ಹಿಡಿದು, ಅಷ್ಟೇ ನಿಧಾನಕ್ಕೆ ಮೇಲೆತ್ತಬೇಕು. ಬಟ್ಟೆಗೆ ಕಪ್ಪು ಕಣಕಣವಾಗಿ ಅಂಟಿದಷ್ಟು ಎತ್ತರ ಹೂಳು. ಅದರ ಮೇಲಿನದು ಬರೇ ಒದ್ದೆ. ಮೇಲೆ ತೇಲುವ ಕೆನೆಪದರದ ದಪ್ಪ ತಿಳಿಯಲು ಇನ್ನೊಂದು ಕೋಲಿನ ತುದಿಗೆ ಅರ್ಧ ಅಡಿ ಅಗಲದ ಹಲಗೆ ತುಂಡು ಅಡ್ಡ ಹೊಡೆದು, ಪದರ ತೂರಿ ಕೆಳಗಿಳಿಸಿ, ಮೆಲ್ಲಗೆ ಎತ್ತಿದರೆ ಕೈಗೆ ತಡೆ ಸಿಗುವಲ್ಲಿ ಪದರದ ಅಡಿ ಇದೆ. ಹೂಳು ನೀರಿನ ಆಳದ ಮೂರನೇ ಒಂದು ಪಾಲು ಮುಟ್ಟಿದ್ದರೆ, ಅಥವಾ ಕೆನೆಯ ಅಡಿಭಾಗ ಹೊರಹೋಗುವ ಬಾಯಿಯ ಟೀ ಪೈಪಿನ (ಇಂಗ್ಲಿಷಿನ T ಆಕಾರದ ಪೈಪು) ಕೆಳತುದಿಗೆ ಮೂರು ಇಂಚಿನಷ್ಟು ಹತ್ತಿರ ಬಂದಿದ್ದರೆ ಈ ಬೇಸಿಗೆಯಲ್ಲೇ ಖಾಲಿ ಮಾಡಿಸಬೇಕು. ಐದು ಜನರ ಮನೆಗೆ ಭಾರತೀಯ ಮಾನಕ ಐಎಸ್ 2470 ಹೇಳುವ ಕನಿಷ್ಠ ಅಳತೆಯ ಟ್ಯಾಂಕು, ಅಂದರೆ ಒಂದೂವರೆ ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, ಒಂದು ಮೀಟರ್ ನೀರು, ಎರಡು ಮೂರು ವರ್ಷಕ್ಕೆ ಈ ಮಟ್ಟ ಮುಟ್ಟುತ್ತದೆ. ದೊಡ್ಡ ಟ್ಯಾಂಕು ಹೆಚ್ಚು ಬಾಳುತ್ತದೆ, ಅಳೆಯದೆ ಗೊತ್ತಾಗುವುದಿಲ್ಲ.

ಮುಚ್ಚಳ ತೆಗೆಯುವಾಗ ಇಬ್ಬರಿರಲಿ, ಮಕ್ಕಳು ದೂರವಿರಲಿ. ತೆಗೆದು ಕನಿಷ್ಠ ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತು ಅಳೆಯಿರಿ. ಒಳಗೆ ಬಗ್ಗಿ ನೋಡುವುದು, ಬೀಡಿ ಹಚ್ಚುವುದು, ಗಾಳಿ ಇದೆಯೋ ಎಂದು ಮೇಣದಬತ್ತಿ ಇಳಿಸುವುದು ಯಾವುದೂ ಬೇಡ. ಬಾವಿಗೆ ಇಳಿಯುವ ಮುನ್ನ ದೀಪ ಇಳಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಟ್ಯಾಂಕಿನಲ್ಲಿ ಹುಟ್ಟುವ ಮೀಥೇನ್ ಬೆಂಕಿ ಹಿಡಿಯುವ ಅನಿಲ.

ಸಕ್ಕಿಂಗ್ ಗಾಡಿಯನ್ನು ಮಳೆಗೆ ಮುನ್ನವೇ ಕರೆಸಲು ಇನ್ನೂ ಒಂದು ಕಾರಣವಿದೆ. ತುಂಬಿದ ಗಾಡಿ ಭಾರದ್ದು. ಜೂನ್ ನಂತರ ಮಣ್ಣಿನ ರಸ್ತೆಯಲ್ಲಿ ಹೂತುಹೋಗುತ್ತದೆ, ಬರಲು ಒಪ್ಪುವುದೂ ಇಲ್ಲ. ಕರೆಸಿದಾಗ ಟ್ಯಾಂಕಿನೊಳಗೆ ಎರಡು ಕೋಣೆಗಳಿದ್ದರೆ ಎರಡರ ಮುಚ್ಚಳವನ್ನೂ ತೆಗೆಸಿ. ಒಂದೇ ಕಡೆಯಿಂದ ಎಳೆದರೆ ತೆಳುನೀರು ಹೋಗಿ ಗಟ್ಟಿ ಹೂಳು ಅಲ್ಲೇ ಉಳಿಯುತ್ತದೆ. ಬಿದಿರಿನಿಂದ ಕಲಕಿ, ಬೇಕಾದರೆ ಸ್ವಲ್ಪ ನೀರು ಹಾಯಿಸಿ ಎಳೆಸಬೇಕು. ಆದರೆ ಗೋಡೆ ತಿಕ್ಕಿ ತೊಳೆಯುವುದು, ಬ್ಲೀಚಿಂಗ್ ಪೌಡರ್ ಸುರಿಯುವುದು ಬೇಡ. ಒಂದಿಂಚಿನಷ್ಟು ಹೂಳು ತಳದಲ್ಲಿ ಉಳಿದರೆ ಒಳ್ಳೆಯದೇ. ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಅದರಲ್ಲಿವೆ. ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಗೆ ಹಣ ಹಾಕುವ ಅಗತ್ಯವಿಲ್ಲ. ಬಳಕೆಯಲ್ಲಿರುವ ಟ್ಯಾಂಕಿಗೆ ಮನೆಯವರೇ ದಿನವೂ ಅದನ್ನು ಒದಗಿಸುತ್ತಾರೆ. ಹೊಸ ಟ್ಯಾಂಕಾದರೆ ಚೆನ್ನಾಗಿ ಕೊಳೆತ ಸಗಣಿ ಒಂದು ಬಕೆಟ್ ಕಲಸಿ ಹಾಕಿದರೆ ಸಾಕು.

ಖಾಲಿ ಮಾಡಿಸಿದ ದಿನವೇ ಟ್ಯಾಂಕಿಗೆ ಹೊರಹೋಗುವ ಪೈಪಿನ ಮಟ್ಟದವರೆಗೆ ನೀರು ತುಂಬಿಸಿ. ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಬೇಸಿಗೆಯಲ್ಲಿ ನೀರಿಗೆ ತತ್ವಾರ ಎನ್ನುವುದೂ ನಿಜ, ಆದರೆ ಬಟ್ಟೆ ಒಗೆದ ನೀರಾದರೂ ಆದೀತು. ಕಾರಣ ಇಷ್ಟೆ. ಮಳೆ ಹಿಡಿದು ನೆಲದ ನೀರು ಟ್ಯಾಂಕಿನ ಸುತ್ತ ಏರಿದಾಗ ಅದು ಟ್ಯಾಂಕನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಹೊರ ಅಳತೆ ಎರಡು ಮೀಟರ್ ಉದ್ದ, 1.2 ಮೀಟರ್ ಅಗಲದ ಟ್ಯಾಂಕಿನ ತಳದಿಂದ ಒಂದು ಮೀಟರ್ ಮೇಲಕ್ಕೆ ನೀರು ನಿಂತರೆ ಈ ಒತ್ತಡ 2.4 ಟನ್. ಒಳಗೆ ನೀರಿದ್ದರೆ ಅದರ ಭಾರ ಇದಕ್ಕೆ ಸರಿಹೊಂದುತ್ತದೆ. ಖಾಲಿ ಇದ್ದರೆ ಕಲ್ಲಿನ ಗೋಡೆ ಒಳಕ್ಕೆ ಬಾಗುತ್ತದೆ, ತಳದ ಕಾಂಕ್ರೀಟು ಸೀಳುತ್ತದೆ. ಇತ್ತೀಚೆಗೆ ಎಲ್ಲೆಡೆ ಬರುತ್ತಿರುವ ಪ್ಲಾಸ್ಟಿಕ್, ಫೈಬರ್ ಟ್ಯಾಂಕುಗಳಂತೂ ಪೈಪು ಮುರಿದುಕೊಂಡು ಮೇಲೆ ತೇಲಿ ಬರುತ್ತವೆ. ಸಾವಿರ ಲೀಟರಿನ ಖಾಲಿ ಟ್ಯಾಂಕು ಪೂರ್ತಿ ಮುಳುಗಿದರೆ ಮೇಲಕ್ಕೊತ್ತುವ ಬಲ ಹೆಚ್ಚುಕಡಿಮೆ ಒಂದು ಟನ್, ಅದರ ಸ್ವಂತ ತೂಕ ಅದಕ್ಕೆ ಯಾವ ಲೆಕ್ಕವೂ ಅಲ್ಲ. ಅಂಥ ಟ್ಯಾಂಕನ್ನು ಕಾಂಕ್ರೀಟ್ ಹಾಸಿನ ಮೇಲಿಟ್ಟು, ಹಾಸಿನಿಂದ ಎಬ್ಬಿಸಿದ ಕೊಕ್ಕೆಗಳಿಗೆ ಪಟ್ಟಿಯಿಂದ ಬಿಗಿಯಬೇಕು. ಹೊಂಡ ತೋಡಿ ಇಟ್ಟು ಮಣ್ಣು ಮುಚ್ಚಿದರೆ ಮುಗಿಯಲಿಲ್ಲ.

ಇನ್ನು ಮಳೆನೀರು. ಮಳೆಗಾಲದಲ್ಲಿ ಸೆಪ್ಟಿಕ್ ವ್ಯವಸ್ಥೆ ಕೆಡಲು ಇದಕ್ಕಿಂತ ದೊಡ್ಡ ಕಾರಣ ಇಲ್ಲ, ಇದರಷ್ಟು ಕಡಿಮೆ ಖರ್ಚಿನಲ್ಲಿ ಸರಿಯಾಗುವುದೂ ಇಲ್ಲ. ಟೆರೇಸಿನ ಪೈಪು, ಬಾವಿಕಟ್ಟೆಯ ನೀರು, ಅಂಗಳದ ಇಂಟರ್‌ಲಾಕ್ ಮೇಲಿಂದ ಹರಿದ ನೀರು ಎಲ್ಲವನ್ನೂ ಹತ್ತಿರ ಸಿಕ್ಕಿದ ಚೇಂಬರಿಗೆ (ಟ್ಯಾಂಕಿಗೆ ಹೋಗುವ ಕೊಳೆನೀರಿನ ಪೈಪುಗಳು ಕೂಡುವ ಸಣ್ಣ ತೊಟ್ಟಿ) ಸೇರಿಸಿಬಿಡುವುದು ನಮ್ಮ ಪ್ಲಂಬರುಗಳ ರೂಢಿ. ಲೆಕ್ಕ ಹಾಕಿ ನೋಡಿ. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ, ಕರಾವಳಿಯಲ್ಲಿ ಅದು ಅಪರೂಪದ ಮಳೆಯೇನಲ್ಲ, ಸುಮಾರು 9,300 ಲೀಟರ್ ನೀರು. ಐದು ಜನರ ಮನೆಯಿಂದ ದಿನಕ್ಕೆ 500, 600 ಲೀಟರ್ ಹೊರಬರುತ್ತದೆ ಎಂದಿಟ್ಟುಕೊಂಡರೆ ಇದು ಹದಿನೈದು ದಿನಕ್ಕೂ ಮಿಕ್ಕಿದ ನೀರು ಒಂದೇ ದಿನ ನುಗ್ಗಿದಂತೆ. ಮೇಲೆ ಹೇಳಿದ ಕನಿಷ್ಠ ಅಳತೆಯ ಟ್ಯಾಂಕಿನಲ್ಲಿ ಕೊಳೆನೀರು ಸಾಮಾನ್ಯವಾಗಿ ಎರಡು ದಿನ ತಂಗುತ್ತದೆ. ಆ ಎರಡು ದಿನದಲ್ಲಿ ಗಟ್ಟಿ ಕೆಳಗಿಳಿದು, ಎಣ್ಣೆ ಮೇಲೆ ಬಂದು, ನಡುವಿನ ತಿಳಿ ಹೊರಹೋಗಬೇಕು. ಮಾಡಿನ ನೀರು ಸೇರಿದರೆ ಮೂರು ಗಂಟೆಯೂ ತಂಗುವುದಿಲ್ಲ. ತಳದ ಹೂಳು ಎದ್ದು ಇಂಗುಗುಂಡಿಗೆ ಹೋಗುತ್ತದೆ. ಒಂದು ಆಷಾಢದಲ್ಲಿ ಹೀಗೆ ಕೆಟ್ಟ ಇಂಗುಗುಂಡಿ ಮುಂದಿನ ಬೇಸಿಗೆಯಲ್ಲೂ ಸುಧಾರಿಸುವುದು ಕಷ್ಟ.

ಆದ್ದರಿಂದ ಮೇ ತಿಂಗಳಲ್ಲೇ ಒಂದು ಬಕೆಟ್ ನೀರಿಗೆ ನೀಲಿಯನ್ನೋ ಸುಣ್ಣವನ್ನೋ ಕದಡಿ ಟೆರೇಸಿನ ಪ್ರತಿ ಪೈಪಿಗೂ, ಅಂಗಳದ ಪ್ರತಿ ಜಾಲರಿಗೂ ಹೊಯ್ದು, ಅದು ಎಲ್ಲಿ ಹೊರಬರುತ್ತದೆ ಎಂದು ನೋಡಿ. ಚೇಂಬರಿನಲ್ಲಿ ಕಂಡರೆ ಅಲ್ಲಿಗೆ ಕತ್ತರಿಸಿ ಬೇರೆ ದಾರಿ ಮಾಡಿ. ಟ್ಯಾಂಕು, ಚೇಂಬರುಗಳ ಮುಚ್ಚಳ ನೆಲಮಟ್ಟದಿಂದ ಅರ್ಧ ಅಡಿಯಾದರೂ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಸುತ್ತ ಒಂದು ಸಾಲು ಕಲ್ಲು ಕಟ್ಟಿ ಎತ್ತರಿಸಿ. ಇಂಗುಗುಂಡಿಯ ಮೇಲಿನ ಮಣ್ಣು ತಗ್ಗಾಗಿದ್ದರೆ ದಿಬ್ಬದಂತೆ ಏರಿಸಿ, ನೀರು ಹೊರಗೆ ಜಾರುವ ಹಾಗೆ ಮಾಡಿ. ಮೇಲುಗಡೆಯಿಂದ ಇಳಿದು ಬರುವ ನೀರಿಗೆ ಗುಂಡಿಯ ಮೇಲ್ಬದಿಯಲ್ಲಿ ಒಂದಡಿ ಆಳದ ಕಣಿ ಸಾಕು. ಗುಂಡಿಯ ಮೇಲೆ ಕಾರು ನಿಲ್ಲಿಸುವ ಚಾಳಿ ಇದ್ದರೆ ಬಿಡಿ. ನೆನೆದ ಮಣ್ಣು ಅದುಮಿದರೆ ಇಂಗುವುದೇ ಇಲ್ಲ, ಚಪ್ಪಡಿ ಬಿರುಕು ಬಿಟ್ಟಿದ್ದರೆ ಕಾರೂ ಒಳಗೆ ಹೋಗಬಹುದು. ಸಮುದ್ರದ ಗಾಳಿಗೆ ಚಪ್ಪಡಿಯೊಳಗಿನ ಕಬ್ಬಿಣ ಬೇಗ ತುಕ್ಕು ಹಿಡಿದು ಉಬ್ಬುತ್ತದೆ. ಅಡಿಭಾಗದಲ್ಲಿ ಕಾಂಕ್ರೀಟು ಚಕ್ಕೆಯೆದ್ದು ಸರಳು ಕಂಡರೆ ತೇಪೆ ಹಾಕದೆ ಚಪ್ಪಡಿಯನ್ನೇ ಬದಲಿಸಿ.

ಮುಚ್ಚಳ ತೆಗೆದಾಗಲೇ ಟೀ ಪೈಪುಗಳನ್ನೂ ನೋಡಿಬಿಡಿ. ಒಳಬರುವ, ಹೊರಹೋಗುವ ಎರಡೂ ಬಾಯಿಗಳಲ್ಲಿ ಟೀ ಇರಬೇಕು, ಅದರ ಕಾಲು ನೀರಿನೊಳಗೆ ಒಂದಡಿಯಷ್ಟು ಇಳಿದಿರಬೇಕು, ಒಳಬರುವ ಪೈಪು ಹೊರಹೋಗುವುದಕ್ಕಿಂತ ಎರಡಿಂಚು ಮೇಲಿರಬೇಕು. ಹೊರಹೋಗುವ ಟೀ ಕಳಚಿ ಬಿದ್ದಿದ್ದರೆ ಮೇಲಿನ ಕೆನೆ ನೇರ ಇಂಗುಗುಂಡಿಗೆ ಹೋಗುತ್ತಿರುತ್ತದೆ. ನೂರಿನ್ನೂರು ರೂಪಾಯಿಯ ಸಾಮಾನು, ಕೆಡಿಸುವುದು ಸಾವಿರಾರು ರೂಪಾಯಿಯ ಗುಂಡಿಯನ್ನು. ಗಾಳಿಕೊಳವೆಯ ತುದಿಯ ಬಲೆ ತುಕ್ಕು ಹಿಡಿದು ಹರಿದಿದ್ದರೆ ನೈಲಾನ್ ಬಲೆ ಕಟ್ಟಿ. ಕ್ಯೂಲೆಕ್ಸ್ ಸೊಳ್ಳೆಗೆ ಸೆಪ್ಟಿಕ್ ಟ್ಯಾಂಕಿಗಿಂತ ಒಳ್ಳೆಯ ತವರು ಬೇರೊಂದಿಲ್ಲ.

ಅಡುಗೆಮನೆಯ ನೀರನ್ನು ಟ್ಯಾಂಕಿಗೆ ಬಿಡುವವರು ತೆಂಗಿನೆಣ್ಣೆಯ ಗುಣ ನೆನಪಿಡಬೇಕು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಹರಿದುಹೋದ ಎಣ್ಣೆ ಮಳೆಗಾಲದ ತಂಪಿಗೆ ಪೈಪಿನ ಒಳಮೈಗೆ ಹಿಡಿಯುತ್ತದೆ, ಅದಕ್ಕೆ ಮೀನಿನ ಪೊರೆ, ಅನ್ನದ ಅಗುಳು ಅಂಟುತ್ತದೆ. ಒಂದೂವರೆ ಅಡಿ ಚೌಕದ ಸಣ್ಣ ಚೇಂಬರು ಕಟ್ಟಿ, ಹೊರಹೋಗುವ ಪೈಪಿಗೆ ಕೆಳಮುಖದ ಬೆಂಡ್ ಹಾಕಿ, ವಾರಕ್ಕೊಮ್ಮೆ ಮೇಲಿನ ಎಣ್ಣೆ ತೆಗೆದರೆ ಸಾಕು. ಹಿಂದಿನವರು ಬಚ್ಚಲು ನೀರನ್ನು ತೆಂಗಿನ ಬುಡಕ್ಕೋ ಬಾಳೆಗೋ ಬಿಡುತ್ತಿದ್ದದ್ದು ಇದಕ್ಕಿಂತಲೂ ಒಳ್ಳೆಯ ಏರ್ಪಾಡು. ಜಾಗವಿದ್ದವರು ಹಾಗೆಯೇ ಮಾಡಲಿ.

ಇಷ್ಟೆಲ್ಲ ಸರಿಯಿದ್ದೂ ಜುಲೈಯಲ್ಲಿ ನೀರು ಇಳಿಯದಿದ್ದರೆ ದೋಷ ಜಾಗದ್ದು. ಬೆಟ್ಟು (ಎತ್ತರದ್ದು), ಮಜಲು (ನಡುವಿನದು), ಬೈಲು (ತಗ್ಗಿನದು) ಎಂದು ಗದ್ದೆಗಳನ್ನು ವಿಂಗಡಿಸಿದ ಹಿರಿಯರಿಗೆ ಯಾವ ನೆಲದಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎಂಬ ಅಂದಾಜು ಇತ್ತು. ಈಗ ಬೈಲು ಗದ್ದೆಗೆ ಮೂರು ನಾಲ್ಕು ಅಡಿ ಕೆಂಪುಮಣ್ಣು ಹೊಡೆದು, ಐದು ಸೆಂಟ್ಸಿನ ಸೈಟುಗಳಾಗಿ ಮಾರುತ್ತಾರೆ. ಮೇಲಿಂದ ಬೆಟ್ಟಿನಂತೆ ಕಂಡರೂ ಮಳೆಗಾಲದಲ್ಲಿ ನೀರು ನಿಲ್ಲುವುದು ಹಳೆಯ ಗದ್ದೆಯ ಮಟ್ಟಕ್ಕೇ. ಇಂಗುಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ ಸುಮಾರು ಎರಡು ಮೀಟರ್ ಒಣ ಮಣ್ಣು ಇರಬೇಕು. ರೋಗಾಣು ಸೋಸಿ ಹೋಗುವುದು ಆ ಮಣ್ಣಿನಲ್ಲೇ. ಬೈಲಿನಲ್ಲಿ ಹತ್ತಡಿ ಗುಂಡಿ ತೋಡಿದರೆ ಅದು ಬಾವಿ ತೋಡಿದ ಹಾಗೆಯೇ. "ಆಳ ಹೆಚ್ಚು ಮಾಡಿದರೆ ಬೇಗ ತುಂಬುವುದಿಲ್ಲ" ಎಂಬ ಗುತ್ತಿಗೆದಾರರ ಮಾತು ಬೆಟ್ಟಿನಲ್ಲಿ ಅರ್ಧ ನಿಜ, ಬೈಲಿನಲ್ಲಿ ಪೂರ್ತಿ ಸುಳ್ಳು.

ಅಲ್ಲಿ ಬೇಕಾಗಿರುವುದು ಆಳವಲ್ಲದ, ಅಗಲವಾದ ವ್ಯವಸ್ಥೆ. ಅರ್ಧ ಮೀಟರಿನಿಂದ ಒಂದು ಮೀಟರ್ ಆಳದ ಕಣಿಗಳು, ಅದರಲ್ಲಿ ಜಲ್ಲಿ, ಜಲ್ಲಿಯ ಮೇಲೆ ರಂಧ್ರವಿರುವ ಮೂರು ನಾಲ್ಕಿಂಚಿನ ಪೈಪು, ಮತ್ತೆ ಜಲ್ಲಿ, ಮೇಲೆ ಮಣ್ಣು. ಒಂದು ಕಣಿಯಿಂದ ಇನ್ನೊಂದಕ್ಕೆ ಆರಡಿ ಅಂತರ. ಅದಕ್ಕೂ ಜಾಗವಿಲ್ಲದಿದ್ದರೆ ಗುಂಡಿಯನ್ನೇ ಎತ್ತರಿಸಬೇಕು: ಗುಂಡಿಯ ಬಾಯಿ ಅಂಗಳದಲ್ಲಿ ನಿಲ್ಲುವ ನೀರಿನ ಮಟ್ಟಕ್ಕಿಂತ ಒಂದಡಿ ಮೇಲೆ ಬರುವಂತೆ ಕಟ್ಟಿ, ಸುತ್ತ ಒಂದು ಮೀಟರ್ ಅಗಲಕ್ಕೆ ಮಣ್ಣು ತುಂಬಿ ಗಟ್ಟಿಸುವುದು. ಕಕ್ಕಸಿನ ನೆಲವೂ ಅದಕ್ಕೆ ತಕ್ಕಂತೆ ಎತ್ತರವಿರಬೇಕು. ಮನೆ ಕಟ್ಟಿದ ಮೇಲೆ ಇದು ಆಗದ ಕೆಲಸ, ಅಡಿಪಾಯ ಹಾಕುವಾಗಲೇ ನಿರ್ಧರಿಸಬೇಕು.

ನೆಲ ಎಷ್ಟು ಕುಡಿಯುತ್ತದೆ ಎಂಬ ಪರೀಕ್ಷೆಗೆ ಯಂತ್ರ ಬೇಡ. ಇಂಗಿಸಬೇಕೆಂದಿರುವ ಆಳಕ್ಕೆ ಒಂದಡಿ ಅಗಲದ ಗುಳಿ ತೆಗೆದು, ಬದಿಗಳನ್ನು ಕೆರೆದು, ತಳಕ್ಕೆ ಎರಡಿಂಚು ಜಲ್ಲಿ ಹಾಕಿ, ಹಿಂದಿನ ದಿನವೇ ನೀರು ತುಂಬಿಸಿ ಮಣ್ಣನ್ನು ಚೆನ್ನಾಗಿ ನೆನೆಸಿ. ಮರುದಿನ ಜಲ್ಲಿಯ ಮೇಲೆ ಆರಿಂಚು ನೀರು ನಿಲ್ಲಿಸಿ, ಒಂದಿಂಚು ಇಳಿಯಲು ಎಷ್ಟು ನಿಮಿಷ ಎಂದು ನೋಡಿ. ಅರ್ಧ ಗಂಟೆಯೊಳಗೆ ಇಳಿದರೆ ಇಂಗುಗುಂಡಿ ಆಗುತ್ತದೆ. ಅರ್ಧದಿಂದ ಒಂದು ಗಂಟೆಯಾದರೆ ಕಣಿಗಳೇ ಬೇಕು. ಒಂದು ಗಂಟೆಯೂ ಮೀರಿದರೆ ಆ ನೆಲ ಇಂಗಿಸುವುದಕ್ಕೆ ಹೇಳಿದ್ದಲ್ಲ, ಟ್ಯಾಂಕಿನ ನಂತರ ಜಲ್ಲಿಯ ಸೋಸುಕೋಣೆ ಕಟ್ಟಬೇಕಾಗುತ್ತದೆ. ನೆನೆಸದೆ ಏಪ್ರಿಲಿನ ಒಣ ನೆಲದಲ್ಲಿ ಮಾಡಿದ ಪರೀಕ್ಷೆ ಮೋಸ ಮಾಡುತ್ತದೆ.

ಬೇಗ ಇಂಗಿದರೆ ಎಲ್ಲ ಒಳ್ಳೆಯದು ಎಂದೂ ಅಲ್ಲ. ಕೆಂಪುಕಲ್ಲಿನ ಪದರದಲ್ಲಿ ಬೆರಳು ತೂರುವಂಥ ರಂಧ್ರಗಳೂ ಬಿರುಕುಗಳೂ ಇರುತ್ತವೆ. ಕೊಳೆನೀರು ಅದರಲ್ಲಿ ಸೋಸಿಕೊಳ್ಳದೆ ನೇರ ಹರಿದು ಬಾವಿ ಸೇರುತ್ತದೆ. ಅಂಥಲ್ಲಿ ಗುಂಡಿಯ ತಳವನ್ನು ಗಾರೆಯಿಂದ ಮುಚ್ಚಿ, ಗೋಡೆಯ ಹೊರಸುತ್ತಿಗೆ ಅರ್ಧ ಮೀಟರ್ ದಪ್ಪ ನಯವಾದ ಮರಳು ತುಂಬಬೇಕು. ಮಾನಕದ ಪ್ರಕಾರ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್, ಮನೆಗೂ ಗುಂಡಿಗೂ 6 ಮೀಟರ್ ದೂರವಿರಬೇಕು. ಐದು ಸೆಂಟ್ಸ್ ಚೌಕ ಜಾಗದ ಒಂದು ಬದಿ ಹದಿನಾಲ್ಕು ಮೀಟರಿಗೆ ಸ್ವಲ್ಪ ಹೆಚ್ಚು, ಮೂಲೆಯಿಂದ ಮೂಲೆಗೆ ಇಪ್ಪತ್ತು. ಅಂದರೆ ಬಾವಿ ಒಂದು ಮೂಲೆಯಲ್ಲೂ ಗುಂಡಿ ಎದುರು ಮೂಲೆಯಲ್ಲೂ ಇದ್ದರೆ ಮಾತ್ರ ಹದಿನೆಂಟು ಸಿಗುತ್ತದೆ, ಆಗ ಗುಂಡಿ ನೆರೆಯವರ ಬಾವಿಯ ಮಗ್ಗುಲಿಗೆ ಹೋಗುತ್ತದೆ. ಹೀಗೆ ಸಾಲಾಗಿ ಕಟ್ಟಿದ ಬಡಾವಣೆಗಳಲ್ಲಿ ಮಳೆಗಾಲದ ಬಾವಿನೀರನ್ನು ಕುದಿಸದೆ ಕುಡಿಯಬಾರದು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಹಾಕಬಹುದು. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಹನ್ನೆರಡೂವರೆ ಸಾವಿರ ಲೀಟರ್, ಅದಕ್ಕೆ 31 ಗ್ರಾಂ. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣದ ಗಸಿ ಕೆಳಗೆ ನಿಂತ ಮೇಲೆ ತಿಳಿಯನ್ನು ಮಾತ್ರ ಸಂಜೆ ಬಾವಿಗೆ ಬಿಟ್ಟು ಕೊಡಪಾನದಿಂದ ಕಲಕಿದರೆ ಬೆಳಿಗ್ಗೆ ಬಳಸಬಹುದು. ಗುಂಡಿ ಬಾವಿಯ ಪಕ್ಕದಲ್ಲಿ ಇರುವ ತನಕ ಇದು ದಿನನಿತ್ಯದ ಹೋರಾಟವೇ.

ಜಡಿಮಳೆಯ ನಡುವೆ ಕಕ್ಕಸು ಕಟ್ಟಿಕೊಂಡರೆ ಮೊದಲು ನೋಡಬೇಕಾದ್ದು ಟ್ಯಾಂಕಿನ ನೀರಿನ ಮಟ್ಟ. ಅದು ಹೊರಹೋಗುವ ಪೈಪಿನ ಮಟ್ಟದಲ್ಲೇ ಇದ್ದರೆ ಅಡಚಣೆ ಮನೆಗೂ ಟ್ಯಾಂಕಿಗೂ ನಡುವಿನ ಪೈಪಿನಲ್ಲಿದೆ. ಪ್ಲಂಬರ್ ಸಾಕು, ಗಾಡಿ ಬೇಡ. ಮಟ್ಟ ಪೈಪಿಗಿಂತ ಮೇಲೇರಿದ್ದರೆ ಟೀ ಕಟ್ಟಿದೆ ಅಥವಾ ಇಂಗುಗುಂಡಿ ನೀರು ತೆಗೆದುಕೊಳ್ಳುತ್ತಿಲ್ಲ. ಇಂಗುಗುಂಡಿ ತುಂಬಿದ್ದರೆ ಮಳೆ ಇಳಿಯುವ ತನಕ ಮನೆಯ ನೀರು ಕಡಿಮೆ ಮಾಡುವುದೊಂದೇ ದಾರಿ. ಸ್ನಾನದ, ವಾಷಿಂಗ್ ಮೆಷಿನ್ನಿನ ನೀರನ್ನು ತಾತ್ಕಾಲಿಕ ಪೈಪಿನಲ್ಲಿ ತೋಟಕ್ಕೆ ಬಿಡಿ, ಬಾವಿಯ ಕಡೆಗಲ್ಲ. ಫ್ಲಶ್ ಟ್ಯಾಂಕು ಸೋರುತ್ತಿದೆಯೇ ನೋಡಿ. ಅದರೊಳಗೆ ಚಿಟಿಕೆ ಅರಸಿನ ಕದಡಿ, ಕಾಲು ಗಂಟೆ ಯಾರೂ ಬಳಸದಿದ್ದಾಗ ಕೆಳಗೆ ಹಳದಿ ಕಂಡರೆ ವಾಷರು ಬದಲಿಸಿ. ಗಾಡಿ ತರಿಸಲೇಬೇಕಾದರೆ ಟ್ಯಾಂಕಿನ ಅರ್ಧಕ್ಕಿಂತ ಹೆಚ್ಚು ಎಳೆಸಬೇಡಿ. ಖಾಲಿ ಟ್ಯಾಂಕನ್ನು ನೆಲದ ನೀರು ಹೇಗೆ ಒತ್ತುತ್ತದೆ ಎಂದು ಮೇಲೆ ಹೇಳಿದ್ದೇವೆ. ರಾತ್ರಿ ಮೋಟಾರ್ ಇಟ್ಟು ಗುಂಡಿಯ ನೀರನ್ನು ತೋಡಿಗೆ ಬಿಡುವವರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಕೆಳಗಿನ ಮನೆಯವರಿಗೆ ಅದು ಗೊತ್ತೇ ಇದೆ.

ಯಾವ ಕಾರಣಕ್ಕೂ ಒಬ್ಬ ಮನುಷ್ಯನನ್ನು ಒಳಗೆ ಇಳಿಸಬೇಡಿ. ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. "ಈಗ ವಾಸನೆ ಹೋಯಿತು" ಎಂದು ಇಳಿದವನು ಎಚ್ಚರ ತಪ್ಪಿ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಬಿದ್ದವರಿದ್ದರೆ 112ಕ್ಕೆ ಕರೆ ಮಾಡಿ, ಉಸಿರಾಟದ ಉಪಕರಣ ಇರುವ ಅಗ್ನಿಶಾಮಕದವರು ಬರುವವರೆಗೆ ಯಾರನ್ನೂ ಇಳಿಯಬಿಡಬೇಡಿ. ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕೆಲಸ ಕೊಟ್ಟ ಮನೆಯವರಿಗೂ ಇದು ಅನ್ವಯಿಸುತ್ತದೆ. ಒಳಚರಂಡಿ ಸಾವಿಗೆ ಪರಿಹಾರ ಮೂವತ್ತು ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಯಂತ್ರ ಬೇಕಿದ್ದರೆ, ಜನರನ್ನು ಇಳಿಸುತ್ತಿರುವುದು ಕಂಡರೆ 14420 ಸಹಾಯವಾಣಿ ಇದೆ.

ಗ್ರಾಮ ಪಂಚಾಯತುಗಳಿಗೆ ಎರಡು ವಿನಂತಿ. ಒಂದು, ಗಾಡಿಗಳು ಎಳೆದುಕೊಂಡು ಹೋದ ಹೂಳು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದಿಡಿ. ದೇವನಹಳ್ಳಿಯಲ್ಲಿ ಮಲತ್ಯಾಜ್ಯ ಸಂಸ್ಕರಣ ಘಟಕ 2015ರಲ್ಲೇ ಬಂತು. ಇಲ್ಲಿ ಇನ್ನೂ ಹೊಳೆದಂಡೆಗೆ ಸುರಿಯುವ ಗಾಡಿಗಳಿವೆ. ಏಪ್ರಿಲ್, ಮೇ ತಿಂಗಳಲ್ಲಿ ವಾರ್ಡಿನಂತೆ ದಿನ ಗೊತ್ತುಮಾಡಿ ಗಾಡಿ ಕಳಿಸಿದರೆ ಮನೆಯವರಿಗೂ ಖರ್ಚು ಕಡಿಮೆ. ಎರಡು, ಹೊಸ ಮನೆಗೆ ಡೋರ್ ನಂಬ್ರ ಕೊಡುವ ಮುನ್ನ ಟ್ಯಾಂಕಿಗೆ ತಳ ಇದೆಯೇ, ಬಾವಿಯಿಂದ ದೂರ ಎಷ್ಟು, ಮಾಡಿನ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮೂರನ್ನು ಟೇಪು ಹಿಡಿದು ನೋಡಿ. ಟ್ಯಾಂಕಿನ ಮುಚ್ಚಳ ಮನೆಯ ಯಾವ ಎರಡು ಮೂಲೆಗಳಿಂದ ಎಷ್ಟೆಷ್ಟು ಅಡಿ ಎಂದು ಅದೇ ಕಡತದಲ್ಲಿ ಗುರುತು ಹಾಕಿಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ಮೇಲೆ ಅದನ್ನು ಹುಡುಕುವುದೇ ಅರ್ಧ ದಿನದ ಕೆಲಸವಾಗುತ್ತಿದೆ.

ಇತಿ,
ಮನೆ ಕಟ್ಟಡ ಮತ್ತು ನೈರ್ಮಲ್ಯ ಕೆಲಸದಲ್ಲಿರುವ ಓದುಗರು,
ಕುಂದಾಪುರ ತಾಲ್ಲೂಕು